ದರಕಿನ ಹೆಡಿಗೆ

ನಮ್ಮ ಕಡೆ ಪುಷ್ಯ ಮಾಸ ಕಾಲಿಟ್ಟಿತೆಂದರೆ ಹೆಂಗಸರಿಗೆ ದರಕಿನ ಕೆಲಸ ಶುರುವಾಯಿತೆಂದೇ ಅರ್ಥ. ದರಕು ಎಂದರೆ ಬಯಲುಸೀಮೆಯ ಓದುಗರಿಗೆ ತಿಳಿಯಲಿಕ್ಕಿಲ್ಲ. ಕಾಡಿನ ಮರಗಳಿಂದ ಉದುರಿದ ಒಣ ಎಲೆ, ಅಷ್ಟೆ. ಅದನ್ನು ಗುಡಿಸಿ ರಾಶಿ ಮಾಡಿ, ಹೆಡಿಗೆಯಲ್ಲಿ ಕಾಲಿನಿಂದ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಬೇಕು. ಅದೇ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರಬೇಕು. ಅಡಿಕೆಯ ದರದ ಬಗ್ಗೆ ಗಂಡಸರು ಜಗಲಿಯಲ್ಲಿ ಕೂತು ಎಷ್ಟು ಮಾತಾಡಿದರೂ, ಆ ಮರದ ಬುಡಕ್ಕೆ ಬೀಳುವುದು ಹೆಂಗಸರ ತಲೆಯಿಂದ ಇಳಿದ ದರಕು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಾಣೆ. ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ನಾನು ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ. ದರಕು ತಂದ ದಿನ ಸಂಜೆ ಬಚ್ಚಲ ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಉಣ್ಣೆ ಹೆಕ್ಕುವ ಕಾರ್ಯಕ್ರಮವಿರುತ್ತಿತ್ತು. ಪುಸ್ತಕದಲ್ಲಿ ಉಣುಗು ಎನ್ನುತ್ತಾರೆ, ನಮಗೆ ಉಣ್ಣೆ. ದನದ ಕಿವಿಯಲ್ಲಿ ಹಲಸಂಡೆ ಕಾಳಿನ ಹಾಗೆ ಉಬ್ಬಿ ಕೂತಿರುತ್ತದಲ್ಲ, ಅದು ದೊಡ್ಡದು, ಕಣ್ಣಿಗೆ ಬೀಳುತ್ತದೆ. ದರಕಿನಿಂದ ಹತ್ತುವ ಮರಿ ಉಣ್ಣೆ ರಾಗಿ ಕಾಳಿನಷ್ಟೂ ಇರುವುದಿಲ್ಲ. ಕಚ್ಚಿದ್ದು ಗೊತ್ತಾಗುವುದು ಮಾರನೆಯ ದಿನ ತುರಿಸಿದಾಗ. ಲಾಟೀನಿನ ಬೆಳಕಿನಲ್ಲಿ ಆ ಹೆಂಗಸರು ಹೆಕ್ಕುತ್ತಾ, ಬೆಂಕಿಗೆ ಹಾಕುತ್ತಾ, ಊರಿನ ಸುದ್ದಿಯನ್ನೆಲ್ಲ ಆಡಿ ನಗುತ್ತಿದ್ದರು. ನನಗೆ ಅದು ಹಬ್ಬದಂತೆ ಕಾಣುತ್ತಿತ್ತು.

1984ರಲ್ಲಿ ನನಗೆ ಹದಿಮೂರು ವರ್ಷ. ಆ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನಮ್ಮ ಸೊಪ್ಪಿನ ಬೆಟ್ಟದ ನೇರಳೆ ಮರದ ಕೆಳಗೆ ಒಂದು ಮುಸಿಯ ಸತ್ತು ಬಿದ್ದಿತ್ತು. ಕಪ್ಪು ಮೂತಿ, ಉದ್ದ ಬಾಲ. ಹನುಮಂತನ ವಂಶವೆಂದು ಅಪ್ಪಯ್ಯ, ಪಕ್ಕದ ಮನೆಯವರು ಸೇರಿ ಹೊಸ ಪಂಚೆ ಹೊದಿಸಿ, ಕಾಯಿ ಒಡೆದು ಮಣ್ಣು ಮಾಡಿದರು. ಚಿಕ್ಕಮ್ಮ ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ ಹಾಕಿ ಬಂದಳು. ಬರುವಾಗ ಬರಿಗೈಯಲ್ಲಿ ಯಾಕೆ ಬರುವುದೆಂದು ಅದೇ ಮರದ ಬುಡದಿಂದ ಒಂದು ಹೆಡಿಗೆ ದರಕು ತಂದಳು. ಮುಂದಿನ ವಾರವಿಡೀ ಅಲ್ಲೇ ಗುಡಿಸಿದಳು. ನೇರಳೆ ಎಲೆ ಬೇಗ ಕೊಳೆಯುತ್ತದೆಂದು ಅವಳ ಲೆಕ್ಕ.

ಜ್ವರ ಬಂದದ್ದು ಒಂದು ಮಧ್ಯಾಹ್ನ, ದೋಸೆ ಹಿಟ್ಟು ರುಬ್ಬುತ್ತಿದ್ದಾಗ. ಬೆಳಗ್ಗೆ ಸರಿಯಾಗಿಯೇ ಇದ್ದವಳು ಸಂಜೆಯ ಹೊತ್ತಿಗೆ ಕಣ್ಣು ತೆರೆಯಲಾರದಷ್ಟು ತಲೆನೋವಿನಿಂದ ಮಲಗಿಬಿಟ್ಟಳು. ಸೊಂಟ, ತೊಡೆ ಮುಟ್ಟಿದರೆ ಕೂಗುತ್ತಿದ್ದಳು. ಐದನೆಯ ದಿನ ವಸಡಿನಲ್ಲಿ ರಕ್ತ ಕಂಡಿತು. ಪೇಟೆಯ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೆರಡನೆಯ ದಿನ ಚಿಕ್ಕಮ್ಮ ಹೋದಳು. ಅವಳಿಗೆ ಮೂವತ್ತೊಂದು ವರ್ಷ. ಮಂಗನ ಕಾಯಿಲೆ ಎಂದು ಕಾಗದ ಬಂದದ್ದು ವೈಕುಂಠ ಸಮಾರಾಧನೆ ಮುಗಿದ ಮೇಲೆ. ಹನುಮಂತನಿಗೆ ಏನೋ ಅಪಚಾರವಾಗಿದೆ ಎಂದು ಅಜ್ಜಿ ಸಾಯುವವರೆಗೂ ನಂಬಿದ್ದರು. ಅರಿಶಿನ ಕುಂಕುಮ ಹಾಕಿದ್ದೊಂದೇ ಚಿಕ್ಕಮ್ಮ ಮಾಡಿದ ಅಪಚಾರ.

ನಾನು ಮುಂದೆ ಬಿ.ಎ. ಓದಿ, ಬಿ.ಎಡ್. ಮಾಡಿ ಶಾಲೆ ಸೇರಿದೆ. ಕನ್ನಡ, ಸಮಾಜ ನನ್ನ ವಿಷಯ. ವಿಜ್ಞಾನ ನನ್ನದಲ್ಲ ಎಂದುಕೊಂಡೇ ಎಷ್ಟೋ ವರ್ಷ ಕಳೆದೆ. ನಮ್ಮ ಮನೆಗೆ ಬಂದು ಹೋದ ಆ ಕಾಯಿಲೆಗೆ ಹೆಸರಿಟ್ಟದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಎಂಬುದು ಗೊತ್ತಿತ್ತು. ಆದರೆ ಅಲ್ಲಿ ನಡೆದದ್ದೇನು ಎಂದು ವಿಚಾರಿಸಿ ಓದಿದ್ದು ತೀರ ಈಚೆಗೆ, ಅದೂ ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನು ಆಮೇಲೆ ಹೇಳುತ್ತೇನೆ.

1957ರ ಬೇಸಿಗೆಯಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿದ್ದವರು ಬೆಚ್ಚಿಬಿದ್ದರಂತೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸಾಯುವುದು ಹಳದಿ ಜ್ವರ ಬಂದಾಗ. ಆ ಜ್ವರ ಭಾರತದಲ್ಲಿ ಎಂದೂ ಇರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಊರೂರಲ್ಲೂ ಇತ್ತು. ಅದೇ ಬಂತೋ ಎಂಬ ಭಯದಿಂದ ಕೇಂದ್ರದ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಅವರ ಜೊತೆಯವರು ನಮ್ಮ ಕಾಡಿಗೆ ಬಂದರು. ಸಾಯುತ್ತಿದ್ದ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಲ್ಲ. ಅದರ ದಾಯಾದಿ ಸಿಕ್ಕಿದ್ದು ದೂರದ ರಷ್ಯದ ಕಾಡುಗಳಲ್ಲಿ ಮಿದುಳು ಜ್ವರ ತರುವ ಒಂದು ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು.

ಹಾಗಾದರೆ ಇಲ್ಲಿಯೂ ಉಣುಗೇ ಇರಬೇಕೆಂದು ಹುಡುಕಲು ಹೊರಟವರ ಕೆಲಸ ಓದುವಾಗ ನನಗೆ ರೋಮಾಂಚನವಾಯಿತು. ಹೆರಾಲ್ಡ್ ಟ್ರಪಿಡೋ ಎಂಬ ವಿಜ್ಞಾನಿ, ನಮ್ಮವರೇ ಆದ ಪಿ.ಕೆ. ರಾಜಗೋಪಾಲನ್ ಮೊದಲಾದವರು ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ನಡೆಯುತ್ತಿದ್ದರು. ಯಾವುದೋ ಪ್ರಾಣಿ ಹಾದುಹೋಯಿತೆಂದುಕೊಂಡು ಉಣುಗುಗಳು ಬಟ್ಟೆಗೆ ಹತ್ತುತ್ತವೆ. ಅವನ್ನು ಹೆಕ್ಕಿ, ಜಾತಿ ವಿಂಗಡಿಸಿ, ಎಣಿಸಿ, ಪರೀಕ್ಷೆಗೆ ಕಳಿಸುವುದು. ಸಾಗರದಲ್ಲೇ ಇದಕ್ಕೊಂದು ಕ್ಷೇತ್ರ ಕೇಂದ್ರವಿತ್ತು. ಹಾಗೆ ಸಿಕ್ಕಿಬಿದ್ದ ಮುಖ್ಯ ಅಪರಾಧಿಗೆ ಹೀಮೋಫೈಸಾಲಿಸ್ ಸ್ಪಿನಿಜೆರಾ ಎಂಬ ಬಾಯಿಗೆ ಹೊರಳದ ಹೆಸರು. ಸಂಶೋಧಕರಿಗೂ, ಪ್ರಯೋಗಾಲಯದಲ್ಲಿ ದುಡಿದವರಿಗೂ ಈ ಜ್ವರ ತಗಲಿತ್ತು ಎಂಬುದನ್ನು ಓದಿದಾಗ, ಪುಸ್ತಕದ ವಿಜ್ಞಾನಿಗಳ ಬಗ್ಗೆ ನನಗಿದ್ದ ದೂರ ಕಡಿಮೆಯಾಯಿತು. ಫ್ಲಾನೆಲ್ ಬಟ್ಟೆ ಎಳೆದದ್ದಕ್ಕೂ ಚಿಕ್ಕಮ್ಮ ಪೊರಕೆ ಎಳೆದದ್ದಕ್ಕೂ ಉಣ್ಣೆಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲವಲ್ಲ!

ಈ ಉಣ್ಣೆಯ ಸಂಸಾರ ವಿಚಿತ್ರ. ಇಡೀ ಜೀವಮಾನದಲ್ಲಿ ಅದಕ್ಕೆ ಮೂರೇ ಊಟ. ಮೊಟ್ಟೆ ಒಡೆದ ಮೇಲೆ ಒಂದು, ಮರಿಯಾದಾಗ ಒಂದು, ಬೆಳೆದ ಮೇಲೆ ಒಂದು. ಪ್ರತಿ ಊಟವೂ ಬೇರೆ ಬೇರೆ ಪ್ರಾಣಿಯ ಮೈಯಲ್ಲಿ, ಉಂಡಾದ ಮೇಲೆ ನೆಲಕ್ಕೆ. ಮೊದಲ ಊಟ ಕಾಡಿಲಿ, ಹಕ್ಕಿ, ಮಂಗ ಹೀಗೆ ಎಲ್ಲಾದರೂ ಆಗುತ್ತದೆ. ಎರಡನೆಯದಕ್ಕೆ ಮಂಗ ಸಿಗದಿದ್ದರೆ ಮನುಷ್ಯನೂ ಆದೀತು. ಈ ಎರಡನೆಯ ಊಟಕ್ಕೆ ಹಸಿದು ದರಕಿನಲ್ಲಿ ಕಾಯುವ ಕಾಲ ಸುಮಾರು ನವೆಂಬರಿನಿಂದ ಮೇವರೆಗೆ. ನಾವು ದರಕು ಗುಡಿಸುವ ಕಾಲ ಯಾವುದು? ಅದೇ. ಮಂಗ ಸತ್ತಾಗ ಅದರ ಮೈ ತಣ್ಣಗಾಗುತ್ತಿದ್ದಂತೆ ಉಣ್ಣೆಗಳು ಇಳಿದು ಸುತ್ತಲಿನ ಎಲೆಯಲ್ಲಿ ಸೇರಿಕೊಳ್ಳುತ್ತವೆ. ಅದಕ್ಕೇ ಮಂಗ ಸತ್ತ ಜಾಗದ ಸುತ್ತ ಐವತ್ತು ಮೀಟರಿನವರೆಗೆ ಮೆಲಾಥಿಯಾನ್ ಪುಡಿ ಎರಚುವುದು. ನೇರಳೆ ಮರದ ಬುಡದ ವಿಷಯ ಇದನ್ನು ಓದಿದ ದಿನ ನನಗೆ ಅರ್ಥವಾಯಿತು. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಿತ್ತಿಲಲ್ಲಿ ನಿಂತಿದ್ದೆ.

ಮೂರನೆಯ ಊಟವೇ ದನದ ಮೈಯಲ್ಲಿ. ದನಕ್ಕೆ ಈ ಜ್ವರ ಬರುವುದಿಲ್ಲ. ಆದರೆ ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ರಾಶಿ ಮೊಟ್ಟೆ ಇಡುತ್ತದೆ. ಹೊರಗೆ ಹಬ್ಬಲು ಕಾರಣವಾದದ್ದು ಇದೇ ಎಂದು ಹೊರ್ಹೆ ಬೊಶೆಲ್ ಎಂಬ ಕೊಲಂಬಿಯದ ವಿಜ್ಞಾನಿ 1969ರಲ್ಲಿ ಬರೆದರು. ಕಾಡಿನೊಳಗೆ ವೈರಸ್ ಎಂದಿನಿಂದಲೋ ಸಣ್ಣ ಪ್ರಾಣಿಗಳಲ್ಲಿ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಿ, ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸತೊಡಗಿದ ಮೇಲೆ ಉಣ್ಣೆ ಬೆಳೆದು ಮಂಗನ ಮೇಲೂ ಮನುಷ್ಯನ ಮೇಲೂ ಬಂತು ಎಂಬುದು ಅವರ ವಿಚಾರ. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರು ನೆಡಲು ಕಾಡು ಸವರಿದಾಗ ಸಾವಿರಕ್ಕೂ ಮೀರಿ ಜನ ಜ್ವರ ಬಿದ್ದದ್ದನ್ನು ನೋಡಿದರೆ ಆ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಸೈಬೀರಿಯದಿಂದ ಬರುವ ಹಕ್ಕಿಗಳು ಉಣ್ಣೆ ತಂದಿರಬಹುದೇ ಎಂದೂ ಸಂದೇಹವಿತ್ತು. ಅದಕ್ಕಾಗಿ ಸಲೀಂ ಅಲಿಯವರ ತಂಡ ಸಾವಿರಾರು ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟು ನೋಡಿತು. ಹಕ್ಕಿಗಳ ಮೇಲಿನ ಅಪವಾದಕ್ಕೆ ಪುರಾವೆ ಸಿಗಲಿಲ್ಲ. ದನದ ಕಾಲಡಿಗೆ ಮೆತ್ತಗಿರಲೆಂದು ಎಲೆ ತರುವುದು, ಆ ದನವೇ ಉಣ್ಣೆಯ ತಾಯಿಗೆ ಊಟ ಹಾಕುವುದು. ಇದಕ್ಕೆ ಯಾರನ್ನು ಬೈಯುವುದು?

ಈಗ ನನ್ನ ತಪ್ಪಿನ ವಿಷಯ. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಈ ಜ್ವರ ಎದ್ದಿತು. ಆ ಬೇಸಿಗೆ ಕಳೆಯುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಹೋದರು. ನಾನಿದ್ದ ಶಾಲೆ ಅಲ್ಲಿಂದ ದೂರವೇ. ಆದರೂ ನಮ್ಮ ಹಳ್ಳಿಯಲ್ಲೂ ಲಸಿಕೆ ಹಾಕಲು ಬಂದರು. ಹೆಂಗಸರು ಒಲ್ಲೆ ಎಂದರು. ಆ ಚುಚ್ಚುಮದ್ದು ತುಂಬ ನೋಯುತ್ತಿತ್ತು, ಎರಡು ದಿನ ಕೈ ಎತ್ತಲಾಗದಿದ್ದರೆ ಕೂಲಿ ಹೋಗುತ್ತದೆ. ಮನವೊಲಿಸಲು ನನ್ನನ್ನು ಕರೆದರು. ಚಿಕ್ಕಮ್ಮನ ಕಥೆ ಹೇಳಿ, ಕಣ್ಣಲ್ಲಿ ನೀರು ತಂದುಕೊಂಡು, ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದೆ. ನನ್ನ ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಕೊನೆಯವರೆಗೂ ಹಿಂಜರಿಯುತ್ತಿದ್ದಳು.

"ಒಂದು ಸಲ ಚುಚ್ಚಿಸಿಕೋ ಮಾರಾಯ್ತಿ, ಆಮೇಲೆ ಹೆದರಿಕೆ ಇಲ್ಲ," ಎಂದೆ.

ಅವಳು ಚುಚ್ಚಿಸಿಕೊಂಡಳು. ಹೆದರಿಕೆ ಇಲ್ಲವೆಂದು ಅಕ್ಕೋರೇ ಹೇಳಿದ ಮೇಲೆ ಹೆದರುವುದೇಕೆ? ಕೊಟ್ಟ ಡಿಎಂಪಿ ಎಣ್ಣೆಯ ಬಾಟಲಿಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ಕಾಡಿಗೆ ಹೋದಳು. ತಿಂಗಳ ಮೇಲೆ ಎರಡನೆಯ ಸುತ್ತು ಬಂದಾಗ ಅವಳು ದರಕಿಗೆ ಹೋಗಿದ್ದಳು, ನಾನೂ ಪರೀಕ್ಷೆಯ ಗಡಿಬಿಡಿಯಲ್ಲಿ ವಿಚಾರಿಸಲಿಲ್ಲ. ಮಾರ್ಚ್ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಇಪ್ಪತ್ತು ದಿನ ಆಸ್ಪತ್ರೆ. ಬದುಕಿದಳು. ಈ ಜ್ವರಕ್ಕೆಂದೇ ಬೇರೆ ಮದ್ದಿಲ್ಲ, ಮೈಗೆ ನೀರು ಏರಿಸಿ, ರಕ್ತಸ್ರಾವ ನೋಡಿಕೊಂಡು ಕಾಯುವುದಷ್ಟೆ. ನೂರಕ್ಕೆ ಮೂರರಿಂದ ಐವರು ಹೋಗುತ್ತಾರೆ, ಉಳಿದ ತೊಂಬತ್ತೈದರಲ್ಲಿ ಅವಳೊಬ್ಬಳಾದಳು. ಆದರೆ ಮಳೆಗಾಲ ಬಂದರೂ ಒಂದು ಕೊಡ ನೀರು ಎತ್ತುವ ಶಕ್ತಿ ಅವಳಿಗೆ ಬರಲಿಲ್ಲ. ಹುಡುಗಿ ಶಾಲೆಗೆ ಬರುವುದು ಕಡಿಮೆಯಾಯಿತು. ಮನೆಯಲ್ಲಿ ಅಡಿಗೆ ಮಾಡುವವರು ಯಾರು?

ಆಮೇಲೆ ನಾನು ಓದಲು ಕೂತದ್ದು. 2005ರಿಂದ 2010ರವರೆಗೆ ನಮ್ಮ ಜಿಲ್ಲೆಯ ಕಡೆಯಲ್ಲೇ ಲಸಿಕೆ ಹಾಕಿಸಿಕೊಂಡವರ, ಹಾಕಿಸಿಕೊಳ್ಳದವರ ಲೆಕ್ಕ ತೆಗೆದು ಮಾಡಿದ ಅಧ್ಯಯನವೊಂದು 2013ರಲ್ಲಿ ಅಚ್ಚಾಗಿತ್ತು. ಒಂದು ಚುಚ್ಚುಮದ್ದಿನಿಂದ ಏನೇನೂ ರಕ್ಷಣೆಯಿಲ್ಲ. ಎರಡು ಹಾಕಿಸಿಕೊಂಡರೆ ನೂರಕ್ಕೆ 62ರಷ್ಟು. ಆಮೇಲೆ ಮತ್ತೊಂದು ಬಲವರ್ಧಕ ಹಾಕಿಸಿಕೊಂಡರೆ 83ರಷ್ಟು. ನಾನು ಒಂದು ಸಲ ಸಾಕೆಂದು ಹೇಳುವುದಕ್ಕೆ ಆರು ವರ್ಷ ಮೊದಲೇ ಈ ಸತ್ಯ ಮುದ್ರಣವಾಗಿತ್ತು. ಇಂಗ್ಲಿಷಿನಲ್ಲಿತ್ತು, ನಿಜ. ನನಗೆ ಯಾರೂ ಹೇಳಲಿಲ್ಲ, ಅದೂ ನಿಜ. ಆದರೆ ನಾನು ಕೇಳಲೂ ಇಲ್ಲ. ಮಕ್ಕಳು ಉತ್ತರ ಗೊತ್ತಿಲ್ಲದೆ ಧೈರ್ಯದಿಂದ ಕೈ ಎತ್ತಿದರೆ ನಾನು ಎಷ್ಟು ಬೈಯುತ್ತೇನೆ!

ಅವಳ ಮನೆಗೆ ಹೋಗಿ ಹೇಳಿದೆ. ಹೇಳುವುದು ಸುಲಭವಾಗಲಿಲ್ಲ. ಅವಳು ಜಗಲಿಯ ಕಂಬಕ್ಕೆ ಒರಗಿ ಕೂತು ಕೇಳಿದಳು. "ನಿಮಗೂ ಗೊತ್ತಿರ್ಲಿಲ್ಲ ಅಲ್ದಾ ಅಕ್ಕೋರೇ," ಎಂದು ನನ್ನನ್ನೇ ಸಮಾಧಾನ ಮಾಡಿ ಮಗಳಿಗೆ ಕಾಫಿ ಇಡಲು ಹೇಳಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು, 2022ರಲ್ಲಿ ನಿಲ್ಲಿಸಿಬಿಟ್ಟರು. ಹೊಸದನ್ನು ತಯಾರಿಸುವ ಕೆಲಸ ನಡೆದಿದೆ. ಅಷ್ಟರಲ್ಲಿ ಕಾಯಿಲೆ ನಮ್ಮ ಜಿಲ್ಲೆಯನ್ನು ದಾಟಿ ಬಂಡೀಪುರ, ವಯನಾಡು, ಗೋವಾದವರೆಗೂ ಹೋಗಿ ಮುಟ್ಟಿದೆ. ನಮ್ಮ ಹೆಂಗಸರಿಗೆ ಉಳಿದಿರುವುದು ಮೈಗೆ ಹಚ್ಚುವ ಎಣ್ಣೆ, ಉದ್ದ ತೋಳಿನ ಅಂಗಿ, ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕುವುದು. ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ಸುಳಿಯದಿರುವುದು, ಆಸ್ಪತ್ರೆಗೆ ತಿಳಿಸುವುದು. ಪ್ರತಿ ವರ್ಷ ನವೆಂಬರಿನಲ್ಲಿ ಇದಿಷ್ಟನ್ನೂ ಕರಿಹಲಗೆಯ ಮೇಲೆ ಬರೆದು, ಮಕ್ಕಳ ಕೈಯಲ್ಲಿ ಬರೆಸಿ ಮನೆಗೆ ಕಳಿಸುತ್ತೇನೆ. ಉಣ್ಣೆಯ ಮೂರು ಊಟದ ಚಿತ್ರವನ್ನು ಹುಡುಗರು ಬಹಳ ಉತ್ಸಾಹದಿಂದ ಬಿಡಿಸುತ್ತಾರೆ. ಒಬ್ಬ ಉಣ್ಣೆಯ ಮುಂದೆ ಬಾಳೆ ಎಲೆ ಹಾಕಿ, ತುದಿಗೆ ಉಪ್ಪಿನಕಾಯಿ ಬಡಿಸಿದ್ದ.

ಹೋದ ವರ್ಷ ದಾರಿಯಲ್ಲಿ ಆ ತಾಯಿ ಸಿಕ್ಕಿದಳು. ತಲೆಯ ಮೇಲೆ ಹೆಡಿಗೆ, ಮೈ ಕೈಗೆಲ್ಲ ಎಣ್ಣೆ ಹಚ್ಚಿದ ವಾಸನೆ, ಗಂಡನ ಹಳೆಯ ತುಂಬುತೋಳಿನ ಶರ್ಟು. ಹೊಸ ಲಸಿಕೆ ಬರುವುದಂತೆ ಎಂದು ಯಾರೋ ಅವಳಿಗೆ ಹೇಳಿದ್ದರು. ನಾನು ಹೌದೆಂದೆ, ಬಂದಾಗ ನಾನೇ ಮನೆಗೆ ಬಂದು ಹೇಳುತ್ತೇನೆ ಎಂದೆ. ಅವಳು ಎರಡು ಹೆಜ್ಜೆ ಮುಂದೆ ಹೋದವಳು ಹೆಡಿಗೆ ಹಿಡಿದುಕೊಂಡೇ ಅರ್ಧ ತಿರುಗಿ ನಿಂತಳು.

"ಬನ್ನಿ ಅಕ್ಕೋರೇ. ಎಷ್ಟು ಸಲ ಹಾಕ್ಬೇಕು ಅಂತ ಮೊದ್ಲೇ ಕೇಳ್ಕಂಡು ಬನ್ನಿ."