ಸೈಕಲ್ ಬಂತು, ದಾರಿ ಬರಲಿಲ್ಲ

ಚಿಕ್ಕೋಡಿಯಿಂದ ಯಾವ ದಿಕ್ಕಿಗೆ ಹೊರಟರೂ ಕಬ್ಬಿನ ಹೊಲಗಳಿಗಿಂತ ಮೊದಲು ಈಗ ಕಣ್ಣಿಗೆ ಬೀಳುವುದು ಸಾಲಾಗಿ ನೆಟ್ಟ ಬಿಳಿಯ ಗಡಿಕಲ್ಲುಗಳು. ‘ಎನ್.ಎ. ಪ್ಲಾಟು’ ಎಂಬ ಮಾತು ನಮ್ಮ ಭಾಗದಲ್ಲಿ ಮಕ್ಕಳಿಗೂ ಬಾಯಿಪಾಠವಾಗಿದೆ. ರಾಯಬಾಗ, ಅಥಣಿಗಳ ಸುತ್ತಲೂ ಇದೇ ನೋಟ. ನಿಪ್ಪಾಣಿ, ಕಾಗವಾಡಗಳು ಹೊಸ ತಾಲ್ಲೂಕುಗಳಾದ ಮೇಲೆ ಅಲ್ಲಿಯೂ ಇದೇ. ಪೇಟೆಯೊಳಗಿನ ಹಳೆಯ ಮನೆಯನ್ನು ಬಿಟ್ಟು, ಎರಡು ಕಿಲೋಮೀಟರ್ ಹೊರಗೆ ಗಾಳಿ ಬೆಳಕಿನ ಮನೆ ಕಟ್ಟಿಕೊಂಡವರಲ್ಲಿ ನಾನೂ ಒಬ್ಬ. ಮನೆ ಚೆನ್ನಾಗಿದೆ. ಆದರೆ ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಗಾಡಿ ತೆಗೆಯಬೇಕು. ಹಿಂದೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಶಾಲೆ, ಗುಡಿ ಎಲ್ಲವೂ ಹತ್ತು ನಿಮಿಷದ ನಡಿಗೆಯಲ್ಲಿದ್ದವು. ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ಆಗ ಯಾರೂ ಹೇಳಬೇಕಾಗಿರಲಿಲ್ಲ.

ಬಡಾವಣೆಯೊಳಗಿನ ರಸ್ತೆಗಳ ಬಗ್ಗೆ ನನ್ನ ದೂರಿಲ್ಲ. ಅವು ಅಗಲವಾಗಿವೆ, ಶಾಂತವಾಗಿವೆ. ತೊಂದರೆ ಶುರುವಾಗುವುದು ಆ ರಸ್ತೆ ಹೆದ್ದಾರಿಗೆ ಕೂಡುವಲ್ಲಿ. ರಾಜ್ಯದಲ್ಲಿಯೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಹಂಗಾಮು ಆರಂಭವಾಯಿತೆಂದರೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಅವುಗಳ ಎರಡೂ ಬದಿಗೆ ಹೊರಚಾಚಿದ ಕಬ್ಬು. ಎಷ್ಟೋ ಸಲ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಡಾಂಬರಿನ ಅಂಚಿನಿಂದ ಮಣ್ಣು ಅರ್ಧ ಅಡಿ ಕೆಳಗೆ. ಸೈಕಲ್ಲಿನವನು ಪಕ್ಕಕ್ಕೆ ಸರಿದರೆ ಬೀಳುತ್ತಾನೆ, ಸರಿಯದಿದ್ದರೆ ಅದಕ್ಕಿಂತ ದೊಡ್ಡ ಅನಾಹುತ.

2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ್ದು ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಮೊದಲು ಬಡ ಕುಟುಂಬಗಳ ಹುಡುಗಿಯರಿಗೆ, ಮರುವರ್ಷ ಹುಡುಗರಿಗೂ ಬಂದವು. ನಟ್ಟು ಬೋಲ್ಟು ಸಡಿಲ, ಸರಪಳಿ ಕಳಚುತ್ತಿತ್ತು, ಎಂದು ನಾವು ಶಿಕ್ಷಕರು ಗೊಣಗಿದ್ದುಂಟು. ಆದರೆ ಒಂದೇ ವಾರದಲ್ಲಿ ಮೈದಾನದ ತುಂಬ ಹುಡುಗಿಯರು ಸೈಕಲ್ ಹತ್ತಿ ಸುತ್ತುತ್ತಿದ್ದ ಆ ಸಂಭ್ರಮದ ಮುಂದೆ ನಮ್ಮ ಗೊಣಗಾಟ ಏನೂ ಅಲ್ಲ. ಬಿಹಾರದಲ್ಲಿ ಅದೇ 2006ರಲ್ಲಿ ಆರಂಭವಾದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಅದರಿಂದ ಶೇಕಡಾ 32ರಷ್ಟು ಹೆಚ್ಚಿತೆಂದೂ, ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಅದರ ಫಲ ಹೆಚ್ಚಾಗಿ ಕಂಡಿತೆಂದೂ ಅವರು ಬರೆದಿದ್ದಾರೆ. ನಮ್ಮಲ್ಲಿ ಆ ವಿತರಣೆ 2020ರ ಕೊರೊನಾ ಕಾಲದಲ್ಲಿ ನಿಂತಿತು.

ಆದರೆ ಸೈಕಲ್ ಸಿಕ್ಕವರೆಲ್ಲರೂ ಅದನ್ನು ತುಳಿಯಲಿಲ್ಲ. ತೋಟದ ವಸ್ತಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಸೈಕಲ್ ಇದ್ದರೂ ಮೇಲಿಂದ ಮೇಲೆ ಗೈರುಹಾಜರಾಗುತ್ತಿದ್ದಳು. ತಂದೆಯನ್ನು ಕರೆಸಿ ಕೇಳಿದೆ. “ಸೈಕಲ್ ಚಲೋ ಐತ್ರಿ ಸರ. ಆದ್ರ ಕಬ್ಬಿನ ಹಂಗಾಮಿನ್ಯಾಗ ಆ ರೋಡಿನ ಮ್ಯಾಲ ಹುಡುಗೀನ ಹೆಂಗ ಬಿಡೂದ್ರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸೈಕಲ್ ಡೇರಿಗೆ ಹಾಲು ಒಯ್ಯತೊಡಗಿತು. ಹುಡುಗಿ ಹತ್ತನೆಯ ತರಗತಿಗೆ ಬರಲಿಲ್ಲ.

ಕಾನೂನಿನ ಮಾತಿಗೆ ಈಗ ಕೊರತೆಯಿಲ್ಲ. ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಿದೆ. ನಮ್ಮ ಊರುಗಳಲ್ಲಿ ಗಟಾರದ ಮೇಲಿನ ಹಾಸುಗಲ್ಲೇ ಪಾದಚಾರಿ ಮಾರ್ಗ. ಅದರ ಮೇಲೆ ಅಂಗಡಿಯ ಸಾಮಾನು, ಮೋಟಾರ್ ಸೈಕಲ್ಲು.

ಮೈಸೂರಿನಲ್ಲಿ 2017ರಲ್ಲಿ ಬಂದ ‘ಟ್ರಿಣ್ ಟ್ರಿಣ್’ನಂತಹ ಬಾಡಿಗೆ ಸೈಕಲ್ ವ್ಯವಸ್ಥೆ ನಮಗೆ ಬೇಕಿಲ್ಲ. ಇಲ್ಲಿ ಮನೆಗೊಂದು ಸೈಕಲ್ ತುಕ್ಕು ಹಿಡಿಯುತ್ತ ನಿಂತಿದೆ. ಬೇಕಾದದ್ದು ಹೆದ್ದಾರಿಯ ಎರಡೂ ಬದಿಗೆ ಡಾಂಬರಿನ ಮಟ್ಟಕ್ಕೆ ಬಿಗಿಯಾಗಿ ಹಾಕಿದ ಆರಡಿ ಅಗಲದ ಗರಸು. ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ. ಹಳೆಯ ಗ್ರಾಮ ನಕಾಶೆಯನ್ನು ತೆಗೆದು ನೋಡಿರಿ: ಊರಿನಿಂದ ಹೊಲಗಳಿಗೆ ಹೋಗುವ ಚಕ್ಕಡಿ ದಾರಿ, ಕಾಲುದಾರಿಗಳನ್ನು ಅದರಲ್ಲಿ ಗುರುತಿಸಿರುತ್ತಾರೆ. ಹೊಲಗಳು ಪ್ಲಾಟುಗಳಾದಾಗ ಪ್ರತಿಯೊಬ್ಬ ಮಾಲೀಕನೂ ತನ್ನ ಗಡಿಗೆ ಗೋಡೆ ಕಟ್ಟಿದ. ಎಷ್ಟೋ ಕಡೆ ಆ ದಾರಿಗಳೂ ಗೋಡೆಯೊಳಗೆ ಸೇರಿದವು. ಈಗ ಪಕ್ಕದ ಬಡಾವಣೆಯ ಗೆಳತಿಯ ಮನೆಯ ಮಾಳಿಗೆ ಕಣ್ಣಿಗೆ ಕಾಣುತ್ತಿದ್ದರೂ ಮಗು ಹೆದ್ದಾರಿಗೆ ಇಳಿದೇ ಅಲ್ಲಿಗೆ ಹೋಗಬೇಕು. ಈ ದಾರಿಗಳನ್ನು ಬಿಡಿಸಿ, ಎಂಟು ಅಡಿಯಷ್ಟಾದರೂ ತೆರವು ಮಾಡಿ, ಕಾರು ನುಗ್ಗದಂತೆ ನಡುವೆ ಎರಡು ಕಲ್ಲು ನೆಟ್ಟರೆ, ಹೆದ್ದಾರಿಯನ್ನು ಮುಟ್ಟದೆಯೇ ಪೇಟೆಯ ಹಿಂಬದಿಯನ್ನು ಸೇರಬಹುದು.

ನಮ್ಮ ಬಡಾವಣೆಯ ಪಡುವಣ ಅಂಚಿನಲ್ಲಿ ಅಂಥ ಒಂದು ದಾರಿಯಿದೆ. ಸದ್ಯ ಅದರ ಬಾಯಿಗೆ ಜಾಲಿಯ ಮುಳ್ಳು ಹಚ್ಚಿದ್ದಾರೆ. ನಾವು ಕೆಲವು ನಿವೃತ್ತರು ಸೇರಿ ನಕಾಶೆಯ ಪ್ರತಿಯನ್ನು ಲಗತ್ತಿಸಿ ಅರ್ಜಿ ಕೊಟ್ಟಿದ್ದೇವೆ. ಸರ್ವೆಯವರು ಬಂದು ಅಳೆಯಬೇಕು. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಬಂದರೆ ನಮ್ಮ ಓಣಿಯ ಮಕ್ಕಳು ಈ ವರ್ಷವೇ ಆ ದಾರಿಯಿಂದ ಶಾಲೆಗೆ ಹೋಗಬಹುದು.