ಎಂಟು ಪೌಂಡಿನ ಗಿಟಾರ್, ಮೂವತ್ತಮೂರು ವರ್ಷ ಲೇಟಾದ ಥೀಸಿಸ್

ಫೆಸ್ಟ್‌ನಲ್ಲಿ ಮೈಕ್ ಕೈಕೊಟ್ಟಾಗ, ಲ್ಯಾಬ್‌ನಲ್ಲಿ ಕರೆಂಟ್ ಹೋದಾಗ, ಯಾರಾದ್ರೂ ಒಬ್ಬ ಬೆಂಚ್ ಮೇಲೆ ಶುರು ಮಾಡ್ತಾನೆ: ಧಬ್ ಧಬ್ ಚಪ್, ಧಬ್ ಧಬ್ ಚಪ್. ಹತ್ತು ಸೆಕೆಂಡಲ್ಲಿ ಇಡೀ ಕ್ಲಾಸ್ ಸೇರ್ಕೊಳ್ಳುತ್ತೆ. ಅದು ಕ್ವೀನ್ ಬ್ಯಾಂಡಿನ ‘ವಿ ವಿಲ್ ರಾಕ್ ಯು’, 1977ರ ಹಾಡು. ಹಾಡಿದ್ದು ಫ್ರೆಡ್ಡಿ ಮರ್ಕ್ಯುರಿ, ಆದ್ರೆ ಬರೆದಿದ್ದು ಗಿಟಾರಿಸ್ಟ್ ಬ್ರಯಾನ್ ಮೇ. ಇದು ನನಗೆ ಗೊತ್ತಾಗಿದ್ದೇ ಹೋದ ವರ್ಷ.

ಆ ಧಬ್ ಧಬ್ ಡ್ರಮ್ಸ್ ಅಲ್ಲ. ಕೆಲವೇ ಜನ ಸ್ಟುಡಿಯೋದಲ್ಲಿ ಹಲಗೆ ಮೇಲೆ ಕಾಲು ಬಡಿದು, ಚಪ್ಪಾಳೆ ತಟ್ಟಿದ್ದನ್ನ ಮತ್ತೆ ಮತ್ತೆ ರೆಕಾರ್ಡ್ ಮಾಡಿದ್ದು. ಅದನ್ನ ಸಾವಿರಾರು ಜನರ ಸದ್ದಿನ ಹಾಗೆ ಮಾಡೋಕೆ ಬ್ರಯಾನ್ ಬೇರೆ ಬೇರೆ ಡಿಲೇ ಸೇರಿಸಿದ. ಎಲ್ಲಾ ಡಿಲೇ ಒಂದೇ ಅಳತೆಯಲ್ಲಿದ್ರೆ ಬರೀ ಎಕೋ ಕೇಳುತ್ತೆ. ಅದಕ್ಕೇ ಅವಿಭಾಜ್ಯ ಸಂಖ್ಯೆಗಳ ಅನುಪಾತ ಬಳಸಿದ. ಪ್ರೈಮ್ ನಂಬರ್ ಎಕ್ಸಾಮ್ ಬಿಟ್ಟು ಇನ್ನೆಲ್ಲೋ ಉಪಯೋಗಕ್ಕೆ ಬಂದಿದ್ದು ನಾನು ನೋಡಿದ್ದು ಇಲ್ಲೇ ಮೊದಲು!

ಹೇಗೆ ಹೊಳೀತು ಅಂದ್ರೆ, ಅವನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದಿದವನು. ಹುಟ್ಟಿದ್ದು 1947ರಲ್ಲಿ. ಅಪ್ಪ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಡ್ರಾಫ್ಟ್ಸ್‌ಮನ್. ಹುಡುಗನಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು, ಕೊಳ್ಳೋಕೆ ಮನೇಲಿ ದುಡ್ಡಿರಲಿಲ್ಲ. 1963ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಅಪ್ಪ ಮಗ ಸೇರಿ ತಾವೇ ಮಾಡೋಕೆ ಕೂತರು. ಸುಮಾರು ಎರಡು ವರ್ಷ ಹಿಡೀತು.

ಅದರ ಪಾರ್ಟ್ಸ್ ಲಿಸ್ಟ್ ಓದಿದ್ರೆ ಗುಜರಿ ಅಂಗಡಿ ನೆನಪಾಗುತ್ತೆ. ಕುತ್ತಿಗೆಗೆ ಬೆಂಕಿಗೂಡಿನ ಮೇಲಿದ್ದ ಹಳೇ ಮರದ ಹಲಗೆ. ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದ್ರು. ಬಾಡಿಗೆ ಹಳೇ ಓಕ್ ಟೇಬಲ್ಲಿನ ತುಂಡು. ಫ್ರೆಟ್ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನಚಿಪ್ಪಿನ ಗುಂಡಿಗಳು. ಟ್ರೆಮೊಲೋ ಅಂದ್ರೆ ಸ್ವರ ಅಲುಗಾಡಿಸೋ ಸನ್ನೆ: ಒಂದು ಚೂಪು ಉಕ್ಕಿನ ಅಂಚಿನ ಮೇಲೆ ಕೂತಿರುತ್ತೆ, ತಂತಿಗಳ ಎಳೆತಕ್ಕೆ ಎದುರಾಗಿ ಹಳೇ ಮೋಟರ್‌ಸೈಕಲ್‌ನ ಎರಡು ವಾಲ್ವ್ ಸ್ಪ್ರಿಂಗ್. ಘರ್ಷಣೆ ತೀರಾ ಕಮ್ಮಿ, ಅದಕ್ಕೇ ಎಷ್ಟು ಅಲ್ಲಾಡಿಸಿದ್ರೂ ಶ್ರುತಿಗೆ ವಾಪಸ್ ಬರುತ್ತೆ. ಒಟ್ಟು ಖರ್ಚು ಎಂಟು ಪೌಂಡ್. ‘ರೆಡ್ ಸ್ಪೆಷಲ್’ ಅಂತಾರೆ ಅದನ್ನ. ಕ್ವೀನ್‌ನ ಹೆಚ್ಚುಕಮ್ಮಿ ಎಲ್ಲಾ ಆಲ್ಬಮ್‌ಗಳಲ್ಲಿ ಕೇಳೋದು ಅದೇ ಗಿಟಾರ್, ನುಡಿಸೋದು ಆರು ಪೆನ್ಸ್‌ನ ನಾಣ್ಯದಲ್ಲಿ.

ಇಲ್ಲಿವರೆಗೂ ಚೆನ್ನಾಗಿದೆ. ಮುಂದಿನ ಭಾಗ ಓದಿ ನಾನು ಸುಮ್ಮನಾದೆ.

ಡಿಗ್ರಿ ಮುಗಿದ ಮೇಲೆ ಬ್ರಯಾನ್ ಪಿಎಚ್‌ಡಿಗೆ ಸೇರಿದ. ಸೂರ್ಯನ ಸುತ್ತ, ಗ್ರಹಗಳ ನಡುವೆ ಹರಡಿರೋ ಧೂಳು ಯಾವ ವೇಗದಲ್ಲಿ ಚಲಿಸುತ್ತೆ ಅನ್ನೋದು ವಿಷಯ. ಅದೇ ಸಮಯದಲ್ಲಿ ಕ್ವೀನ್ ಶುರುವಾಯ್ತು. 1974ರಲ್ಲಿ ಥೀಸಿಸ್ ಅರ್ಧಕ್ಕೆ ಬಿಟ್ಟು ಬ್ಯಾಂಡ್ ಹಿಡಿದ. ಆ ಗಿಟಾರಿಗೆ ಮರ ಕೊಯ್ದು ಉಜ್ಜಿದ್ದ ಅಪ್ಪನಿಗೇ ಇದು ಸಹಿಸಲಿಲ್ಲ. ಸ್ವಲ್ಪ ಕಾಲ ಮಗನ ಜೊತೆ ಮಾತೇ ಬಿಟ್ಟಿದ್ದರು. ಆಮೇಲೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಶೋ ಇದ್ದಾಗ ಬ್ರಯಾನ್ ಅಪ್ಪ ಅಮ್ಮನನ್ನ ಕಾಂಕಾರ್ಡ್ ವಿಮಾನದಲ್ಲಿ ಕರೆಸಿಕೊಂಡ. ಅದನ್ನ ನೋಡಿದ ಮೇಲೇ ಅಪ್ಪ ಒಪ್ಪಿದ್ದು.

2007ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಬ್ರಯಾನ್ ಹಳೇ ಥೀಸಿಸ್ ಮುಗಿಸಿ ಡಾಕ್ಟರೇಟ್ ಪಡೆದ. ಹೆರಾಲ್ಡ್ 1988ರಲ್ಲೇ ತೀರಿಕೊಂಡಿದ್ದರು.

ನನ್ನಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಫಸ್ಟ್ ಇಯರ್ ರಜೆಯಲ್ಲಿ ನಾನು ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಒಂದು ತಗೊಂಡೆ. ಮನೇಲಿ ನೋಡಿದ್ರೆ ಸದ್ದೇ ಇಲ್ಲ. ಅಪ್ಪ ಬಿಚ್ಚಿ ಪಿಕಪ್ ನೋಡಿ ನಕ್ಕರು. “ಇದೇನೋ ಮಗನೇ, ಮ್ಯಾಗ್ನೆಟ್ ಸುತ್ತ ತಾಮ್ರದ ತಂತಿ. ನಮ್ಮ ಕಾಯಿಲ್ಲೇ ಅಲ್ವೇನೋ!” ಹತ್ತು ನಿಮಿಷದಲ್ಲಿ ಬೆಸುಗೆ ಹಾಕಿಕೊಟ್ರು.

ಥರ್ಡ್ ಸೆಮ್‌ನಲ್ಲಿ ಮ್ಯಾಥ್ಸ್ ಹೋಯ್ತು. “ಆ ಗಿಟಾರ್ ತಂದು ಮನೇಲಿಡು” ಅಂದ್ರು. ನಾನು ಫೋನ್ ಕಟ್ ಮಾಡಿದೆ. ಆವತ್ತಿಂದ ನಮ್ಮ ಮಾತು “ಊಟ ಆಯ್ತಾ”, “ಹ್ಞೂಂ ಅಪ್ಪ” ಅಷ್ಟೇ. ರಿಪೇರಿ ಮಾಡಿಕೊಟ್ಟವರೇ ಬೇಡ ಅಂತಾರಲ್ಲ ಅಂತ ಸಿಟ್ಟಿತ್ತು. ಬ್ರಯಾನ್ ಮೇ ಕಥೆ ಹೇಳಿ ವಾದ ಗೆಲ್ಲೋಣ ಅಂತಲೇ ಓದೋಕೆ ಶುರು ಮಾಡಿದ್ದು.

ಓದಿದ ಮೇಲೆ ವಾದ ನಿಲ್ಲಲಿಲ್ಲ. ಅವನು ಬಿಟ್ಟಿದ್ದು ನಾಲ್ಕು ವರ್ಷ ದುಡಿದ ಕೆಲಸವನ್ನ. ನಾನು ಆ ಎಕ್ಸಾಮಿಗೆ ಓದೇ ಇರಲಿಲ್ಲ. ಹಿಂದಿನ ರಾತ್ರಿ ಎರಡು ಗಂಟೆವರೆಗೂ ಒಂದು ಸೋಲೋ ಕಲೀತಿದ್ದೆ, ಅದೂ ಸರಿಯಾಗಿ ಬರಲಿಲ್ಲ. ಅಪ್ಪನಿಗೆ ಬೇಜಾರಾಗಿದ್ದು ಗಿಟಾರಿನ ಮೇಲೆ ಅಂತ ಈಗ ನನಗೆ ಅನ್ನಿಸ್ತಿಲ್ಲ.

ಶನಿವಾರ ಊರಿಗೆ ಹೋಗ್ತಿದ್ದೀನಿ. ಬ್ಯಾಗಲ್ಲಿ ಮ್ಯಾಥ್ಸ್ ಪುಸ್ತಕ ಇದೆ, ಹೆಗಲಿಗೆ ಗಿಟಾರ್. ಎರಡು ವಾರದಿಂದ ಅದರಲ್ಲಿ ಗುಂಯ್ ಅನ್ನೋ ಸದ್ದು ಬರ್ತಿದೆ. ಅರ್ಥಿಂಗ್ ವೈರ್ ಸಡಿಲ ಆಗಿದೆ ಅಷ್ಟೇ. ಹಾಸ್ಟೆಲ್‌ನಲ್ಲೇ ನಾನು ಸರಿ ಮಾಡಬಹುದಿತ್ತು. ಮಾಡಿಲ್ಲ.