ನಮ್ಮ ಎಂಪಿ ಯಾವ ಕಡೆ ವೋಟ್ ಹಾಕಿದ್ರು?

ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಕೊಡೋಕೆ ಇನ್ನೆರಡು ದಿನ ಇತ್ತು. ನಮ್ಮ ಕ್ಲಾಸಿನ ಅರ್ಧ ಟೀಮ್‌ಗಳು ಆಗಲೇ ‘ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಸಿಸ್ಟಮ್’ ಅಂತ ಬರೆದುಕೊಟ್ಟಾಗಿತ್ತು. ನಾವು ನಾಲ್ಕು ಜನ ಕ್ಯಾಂಟೀನಿನಲ್ಲಿ ಕೂತು ಬೈಟು ಕಾಫಿ ಕುಡಿಯುತ್ತಾ ಇದ್ವಿ. ನಮಗೆ 85% ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸಲ್ಲ ಅನ್ನೋ ಮಾಮೂಲಿ ಗೋಳು ನಡೆದಿತ್ತು. ಆಗ ನಮ್ಮಲ್ಲೊಬ್ಬ, “ನಮ್ಮ ಅಟೆಂಡೆನ್ಸ್ ಎಲ್ಲಾರೂ ನೋಡ್ತಾರೆ, ಎಂಪಿಗಳ ಅಟೆಂಡೆನ್ಸ್ ಯಾರ್ ನೋಡ್ತಾರೆ?” ಅಂದ. ಅಂದಿದ್ದು ತಮಾಷೆಗೆ. ಸಂಜೆ ಹೊತ್ತಿಗೆ ಅದೇ ನಮ್ಮ ಟಾಪಿಕ್ ಆಗಿತ್ತು: ‘ಕರ್ನಾಟಕದ 28 ಸಂಸದರ ರಿಪೋರ್ಟ್ ಕಾರ್ಡ್’.

ನಮ್ಮ ಬಗ್ಗೆ ಮೊದಲೇ ಹೇಳಿಬಿಡ್ತೀವಿ. ಇಬ್ಬರು ಬೆಂಗಳೂರಿನವರು, ಒಬ್ಬಳು ಕಲಬುರಗಿಯ ಕಡೆಯವಳು, ಒಬ್ಬ ಮಲೆನಾಡಿನ ಅಡಿಕೆ ಬೆಳೆಗಾರರ ಮಗ. ನಾಲ್ವರೂ ಇಂಗ್ಲಿಷ್ ಮೀಡಿಯಮ್. ಕನ್ನಡ ನಮಗೆ ಹತ್ತನೇ ಕ್ಲಾಸಿನವರೆಗೆ ಒಂದು ಸಬ್ಜೆಕ್ಟ್ ಅಷ್ಟೇ. ನಾಲ್ವರಲ್ಲಿ ಒಬ್ಬರೂ ಇವತ್ತಿನವರೆಗೆ ವೋಟ್ ಹಾಕಿಲ್ಲ. 2024ರ ಲೋಕಸಭಾ ಚುನಾವಣೆ ಬಂದಾಗ ನಮಗಿನ್ನೂ 18 ತುಂಬಿರಲಿಲ್ಲ. ಅಂದರೆ ನಾವು ಆರಿಸದೇ ಇರೋ ಎಂಪಿಗಳಿಗೆ ನಾವು ಮಾರ್ಕ್ಸ್ ಹಾಕೋಕೆ ಹೊರಟಿದ್ವಿ!

ಶುರುವಿನಲ್ಲಿ ಎಲ್ಲಾ ಸಲೀಸಾಗೇ ಇತ್ತು. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಅನ್ನೋ ಸಂಸ್ಥೆ 2005ರಿಂದ ಸಂಸತ್ತಿನ ಕೆಲಸದ ಮೇಲೆ ಕಣ್ಣಿಟ್ಟಿದೆ. ಯಾವ ಎಂಪಿ ಎಷ್ಟು ದಿನ ಹಾಜರಿದ್ರು, ಎಷ್ಟು ಪ್ರಶ್ನೆ ಕೇಳಿದ್ರು, ಎಷ್ಟು ಚರ್ಚೆಯಲ್ಲಿ ಮಾತಾಡಿದ್ರು, ಎಷ್ಟು ಖಾಸಗಿ ಮಸೂದೆ ತಂದ್ರು ಅಂತ ಅವರ ಬಳಿ ಅಚ್ಚುಕಟ್ಟಾದ ಲೆಕ್ಕ ಇದೆ. ನಾವು 17ನೇ ಲೋಕಸಭೆಯ, ಅಂದರೆ 2019ರಿಂದ 2024ರವರೆಗಿನ ಡೇಟಾ ತಗೊಂಡ್ವಿ. ಪೈಥಾನ್‌ನಲ್ಲಿ ಒಂದು ಫಾರ್ಮುಲಾ ಬರೆದ್ವಿ. ಹಾಜರಾತಿಗೆ 30, ಪ್ರಶ್ನೆಗೆ 30, ಚರ್ಚೆಗೆ 30, ಖಾಸಗಿ ಮಸೂದೆಗೆ 10. ನೂರಕ್ಕೆ ಇಷ್ಟು ಅಂತ ರ‍್ಯಾಂಕ್ ಬಂತು. ಅದನ್ನು ಹಾಸ್ಟೆಲ್ ಗ್ರೂಪಿಗೂ ಹಾಕಿಬಿಟ್ವಿ.

ಅರ್ಧ ಗಂಟೆಯಲ್ಲಿ ಜಗಳ ಶುರು. “ನಮ್ಮ ಎಂಪಿಗೆ ಸೊನ್ನೆ ಕೊಟ್ಟಿದೀರಲ್ಲ, ಅವರು ಸೆಂಟ್ರಲ್ ಮಿನಿಸ್ಟರ್ ಆಗಿದ್ರು ಕಣ್ರೋ” ಅಂತ ಒಬ್ಬ ಸೀನಿಯರ್ ಬೈದ. ಹೋಗಿ ನೋಡಿದರೆ ಅವನು ಹೇಳಿದ್ದು ಸರಿ. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಾಗಿಲ್ಲ. ಅವರು ಪ್ರಶ್ನೆ ಕೇಳೋರಲ್ಲ, ಉತ್ತರ ಕೊಡೋರು. ಪಿಆರ್‌ಎಸ್‌ನವರು ಅವರ ಜಾಗದಲ್ಲಿ ‘ಅನ್ವಯಿಸುವುದಿಲ್ಲ’ ಅಂತ ಸರಿಯಾಗೇ ಹಾಕಿದ್ರು. ನಮ್ಮ ಕೋಡ್ ಅದನ್ನು ಸೊನ್ನೆ ಅಂತ ಓದಿಕೊಂಡಿತ್ತು. ಖಾಲಿ ಬೇರೆ, ಸೊನ್ನೆ ಬೇರೆ. ಫಸ್ಟ್ ಸೆಮ್‌ನಲ್ಲೇ ಹೇಳಿಕೊಡೋ ಪಾಠ ಅದು.

ಬಗ್ ಸರಿ ಮಾಡೋಕೆ ಕೂತಾಗ ಉಳಿದ ಅಂಕಿಗಳ ಮೇಲೂ ಅನುಮಾನ ಬಂತು. ಹಾಜರಾತಿ ಅಂದರೆ ದಿನಕ್ಕೊಂದು ಸಹಿ. ಸಹಿ ಹಾಕಿ ಹತ್ತು ನಿಮಿಷಕ್ಕೆ ಎದ್ದು ಹೋದವರೂ ಹಾಜರು, ಸಂಜೆವರೆಗೆ ಕೂತವರೂ ಹಾಜರು. ನಮ್ಮ ಪ್ರಾಕ್ಸಿಗಿಂತ ಪ್ರಾಮಾಣಿಕ ಅನ್ನೋದು ಬಿಟ್ಟರೆ ಹೆಚ್ಚೇನೂ ಅದು ಹೇಳಲ್ಲ. ಪ್ರಶ್ನೆಗಳ ಪಿಡಿಎಫ್ ತೆರೆದರೆ ಒಂದೇ ಪ್ರಶ್ನೆಯ ಮೇಲೆ ಐದಾರು ಎಂಪಿಗಳ ಹೆಸರು. ಎಲ್ಲರ ಖಾತೆಗೂ ಒಂದೊಂದು ಜಮಾ. ಖಾಸಗಿ ಮಸೂದೆಯ ಕಥೆ ಇನ್ನೂ ಬೇಜಾರು. 1952ರಿಂದ ಇವತ್ತಿನವರೆಗೆ ಅಂಥ ಮಸೂದೆಗಳಲ್ಲಿ ಕಾನೂನಾಗಿದ್ದು 14 ಮಾತ್ರ. ಕೊನೆಯದು 1970ರಲ್ಲಿ. ಇನ್ನು ಸ್ಥಾಯಿ ಸಮಿತಿಗಳಲ್ಲಿ ಕೂತು ಎಂಪಿಗಳು ಮಾಡೋ ಕೆಲಸ ನಮ್ಮ ಫಾರ್ಮುಲಾದಲ್ಲಿ ಇರಲೇ ಇಲ್ಲ. ಆ ಸಭೆಗಳು ಬಾಗಿಲು ಹಾಕಿಕೊಂಡು ನಡೆಯುತ್ತವೆ.

ಇಷ್ಟು ಹೊತ್ತಿಗೆ ದೀಪಾವಳಿ ರಜೆ ಬಂತು. ನಾವು ನಾಲ್ವರೂ ಮಲೆನಾಡಿನವನ ಮನೆಗೆ ಹೋದ್ವಿ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾಗ ಅವನ ಅಪ್ಪಯ್ಯ ಬಂದು ಪಕ್ಕದಲ್ಲಿ ಕೂತ್ರು. ಏನು ಮಾಡ್ತಾ ಇದೀವಿ ಅಂತ ಕೇಳಿಸಿಕೊಂಡ್ರು. ಆಮೇಲೆ, “ಹಂಗಾದ್ರೆ ನಮ್ ಎಲೆಚುಕ್ಕೆ ರೋಗದ ಬಗ್ಗೆ ದಿಲ್ಲೀಲಿ ಯಾರಾದ್ರೂ ಕೇಳಿದಾರಾ ನೋಡ್ರಿ” ಅಂದ್ರು. ಅವರ ತೋಟದಲ್ಲಿ ಎರಡು ವರ್ಷದಿಂದ ಆ ರೋಗ ಇತ್ತು. ಬೆಳಿಗ್ಗೆ ನಾವೇ ನೋಡಿದ್ವಿ, ಸೋಗೆ ಪೂರ್ತಿ ಕಂದು ಚುಕ್ಕೆ, ತುದಿಯಿಂದ ಒಣಗಿಕೊಂಡು ಬರ್ತಾ ಇತ್ತು.

ಹುಡುಕಿದ್ವಿ. ಸಿಕ್ತು. ಚುಕ್ಕೆ ಗುರುತಿಲ್ಲದ ಪ್ರಶ್ನೆ. (ಎಲೆಚುಕ್ಕೆಗೆ ಚುಕ್ಕೆ ಇಲ್ಲದ ಪ್ರಶ್ನೆ ಅಂತ ನಾವು ನಕ್ಕಿದ್ದು ಬೇರೆ ವಿಷಯ.) ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20 ಮಾತ್ರ. ಅವಕ್ಕೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆನೂ ಕೇಳಬಹುದು. ಚುಕ್ಕೆ ಇಲ್ಲದವು ದಿನಕ್ಕೆ 230. ಅವಕ್ಕೆ ಬರಹದ ಉತ್ತರ ಬರುತ್ತೆ, ಅಲ್ಲಿಗೆ ಮುಗೀತು. ನಮಗೆ ಸಿಕ್ಕ ಉತ್ತರದಲ್ಲಿ ರೋಗದ ಅಧ್ಯಯನಕ್ಕೆ ಸಮಿತಿ ರಚಿಸಲಾಗಿದೆ ಅಂತ ಇತ್ತು. ಅಂಕಲ್‌ಗೆ ಇಂಗ್ಲಿಷಿನಿಂದ ಕನ್ನಡಕ್ಕೆ ತಡವರಿಸಿಕೊಂಡು ಓದಿ ಹೇಳಿದ್ವಿ. ಅವರು ತಲೆಯಾಡಿಸಿದ್ರು. “ಕೇಳಿದಾರಲ್ಲ, ಅಷ್ಟಾದ್ರೂ ಆಯ್ತು” ಅಂದ್ರು. ನಮ್ಮ ಶೀಟಿನಲ್ಲಿ ಆ ಪ್ರಶ್ನೆ ಬರೀ ‘1’ ಆಗಿತ್ತು. ಜಗಲಿಯಲ್ಲಿ ಅದರ ತೂಕ ಬೇರೆಯೇ ಇತ್ತು.

ಆಮೇಲೆ ಅವರು ಎರಡನೇ ಪ್ರಶ್ನೆ ಕೇಳಿದ್ರು. “ಮೊನ್ನೆ ರೈತರ ಕಾನೂನು ಅಂತ ಮೂರು ತಂದು, ಆಮೇಲೆ ವಾಪಸ್ ತಗೊಂಡ್ರಲ್ಲ, ಆಗ ನಮ್ ಎಂಪಿ ಯಾವ ಕಡೆ ವೋಟ್ ಹಾಕಿದ್ರು?”

“ಐದು ನಿಮಿಷ ಅಂಕಲ್” ಅಂದ್ವಿ.

ಐದು ನಿಮಿಷ ಹೋಗಿ ರಾತ್ರಿ ಹನ್ನೆರಡಾಯ್ತು. ಸಿಗಲಿಲ್ಲ. ನಮಗೆ ಹುಡುಕೋಕೆ ಬರಲ್ಲ ಅಂದುಕೊಂಡ್ವಿ. ಲೋಕಸಭೆಯ ನಡಾವಳಿಯ ಪಿಡಿಎಫ್‌ಗಳನ್ನೇ ತೆಗೆದು ಓದಿದ ಮೇಲೆ ಅರ್ಥ ಆಯ್ತು. 2020ರ ಸೆಪ್ಟೆಂಬರ್ 17ರಂದು ಲೋಕಸಭೆ ಎರಡು ಕೃಷಿ ಮಸೂದೆಗಳನ್ನು ಪಾಸು ಮಾಡಿದ್ದು ಧ್ವನಿಮತದಿಂದ. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲೂ ಧ್ವನಿಮತ. ಅಲ್ಲಿ ವಿರೋಧ ಪಕ್ಷದವರು ಮತ ವಿಭಜನೆ ಬೇಕು ಅಂತ ಕೇಳಿದ್ರು. ಸದಸ್ಯರು ತಮ್ಮ ತಮ್ಮ ಜಾಗದಲ್ಲಿಲ್ಲ ಅಂತ ಪೀಠದಿಂದ ಒಪ್ಪಿಗೆ ಸಿಗಲಿಲ್ಲ, ಗದ್ದಲ ಆಯ್ತು. ಮುಂದಿನ ವರ್ಷ ನವೆಂಬರ್ 29ರಂದು ಕಾನೂನು ವಾಪಸ್ ತಗೊಳ್ಳೋ ಮಸೂದೆ ಬಂತು. ಒಂದೇ ದಿನ ಎರಡೂ ಸದನಗಳಲ್ಲಿ ಪಾಸು, ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ. ಆವತ್ತೂ ಧ್ವನಿಮತ.

ಅಂದರೆ ದೇಶ ಪೂರ್ತಿ ಒಂದು ವರ್ಷ ಅದೇ ಮಾತಾಡಿದ ಆ ಕಾನೂನುಗಳು ಬಂದಾಗಲೂ, ಹೋದಾಗಲೂ ಯಾವ ಎಂಪಿ ಯಾವ ಕಡೆ ಇದ್ರು ಅಂತ ಹೆಸರು ಹಿಡಿದು ಹೇಳೋ ಪಟ್ಟಿ ಇಲ್ಲ.

‘ಧ್ವನಿಮತದ ಅಂಗೀಕಾರ’ ಅಂತ ನ್ಯೂಸ್‌ನಲ್ಲಿ ಚಿಕ್ಕಂದಿನಿಂದ ಕೇಳಿದೀವಿ. ನಮ್ಮಲ್ಲೊಬ್ಬಳು ಅದನ್ನು ‘ಎಲ್ಲರೂ ಮೈಕ್‌ನಲ್ಲಿ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳೋದು’ ಅಂದುಕೊಂಡಿದ್ದಳಂತೆ. ಆದರೆ ಅದು ನಡೆಯೋದು ಹೀಗೆ. ಸ್ಪೀಕರ್ ಮಸೂದೆಯನ್ನು ಮತಕ್ಕೆ ಹಾಕ್ತಾರೆ. ಪರ ಇರೋರು ‘ಹೌದು’ ಅಂತ ಕೂಗ್ತಾರೆ, ವಿರೋಧ ಇರೋರು ‘ಇಲ್ಲ’ ಅಂತ ಕೂಗ್ತಾರೆ. ಯಾವ ಕಡೆ ಜಾಸ್ತಿ ಅನ್ನಿಸ್ತೋ ಆ ಕಡೆ ಗೆದ್ದಿದೆ ಅಂತ ಸ್ಪೀಕರ್ ಹೇಳ್ತಾರೆ. ಯಾರಾದರೂ ತಕರಾರು ಎತ್ತಿ ಮತ ವಿಭಜನೆ ಕೇಳಿದರೆ ಗಂಟೆ ಬಾರಿಸ್ತಾರೆ. ಹೊರಗಿದ್ದವರು ಒಳಗೆ ಬರೋಕೆ ಮೂರೂವರೆ ನಿಮಿಷ. ಆಮೇಲೆ ಎಲ್ಲರೂ ತಮ್ಮ ಸೀಟಿನ ಗುಂಡಿ ಒತ್ತಬೇಕು. ಹಸಿರು ಪರ, ಕೆಂಪು ವಿರೋಧ, ಹಳದಿ ಎರಡೂ ಅಲ್ಲ. ಆವಾಗ ಮಾತ್ರ ಹೆಸರಿನ ಸಮೇತ ದಾಖಲೆ ಉಳಿಯುತ್ತೆ.

ಧ್ವನಿಮತ ತಪ್ಪು ಅಂತ ನಾವು ಹೇಳ್ತಾ ಇಲ್ಲ. ಯಾರೂ ವಿರೋಧಿಸದ ಚಿಕ್ಕಪುಟ್ಟ ತಿದ್ದುಪಡಿಗೆಲ್ಲ 543 ಜನ ಗುಂಡಿ ಒತ್ತುತ್ತಾ ಕೂತರೆ ಟೈಮ್ ಎಲ್ಲಿದೆ? 17ನೇ ಲೋಕಸಭೆ ಐದು ವರ್ಷದಲ್ಲಿ ಸೇರಿದ್ದೇ 274 ದಿನ. ಆದರೆ ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾಗಿರೋದರಿಂದ ಅಲ್ಲಿ ಎಣಿಸಲೇಬೇಕು, ಎಣಿಸ್ತಾರೆ ಕೂಡ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರೋಧ 2. ಹೊಸ ಕಟ್ಟಡದಲ್ಲಿ ಆವತ್ತು ಚೀಟಿ ಹಂಚಿ ಎಣಿಸಿದ್ರು. ಎಣಿಸಬೇಕು ಅನ್ನೋ ಮನಸ್ಸಿದ್ದರೆ ಚೀಟಿಯಲ್ಲೂ ಆಗುತ್ತೆ.

ನಾವು ಕಣ್ಣಾರೆ ನೋಡಿದ ಎಣಿಕೆ ಅಂದರೆ ನಮ್ಮ ವಿಧಾನಸಭೆಯದ್ದು. 2019ರ ಜುಲೈ 23. ನಾವಾಗ ಏಳೋ ಎಂಟೋ ಕ್ಲಾಸು. ಮನೆಯಲ್ಲಿ ಎಲ್ಲರೂ ಟಿವಿ ಮುಂದೆ. ವಿಶ್ವಾಸಮತಕ್ಕೆ ಪರ 99, ವಿರೋಧ 105, ಸರ್ಕಾರ ಬಿತ್ತು. ಆಮೇಲೆ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದ್ರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿ ಹಿಡಿದು, ಉಪಚುನಾವಣೆಗೆ ನಿಲ್ಲಬಹುದು ಅಂತ ಹೇಳಿತು. ‘ವಿಪ್ ಜಾರಿ’ ಅನ್ನೋ ಪದ ನಾವು ಕಲಿತಿದ್ದು ಆವಾಗ. ಪಾಠದ ಪುಸ್ತಕದಿಂದ ಅಲ್ಲ, ಬ್ರೇಕಿಂಗ್ ನ್ಯೂಸ್‌ನಿಂದ.

ಆ ವಿಪ್ ಇಲ್ಲಿ ನಮಗೆ ಇನ್ನೊಂದು ಏಟು ಕೊಟ್ಟಿತು. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದಾಗಿನಿಂದ ಪಕ್ಷದ ವಿಪ್ ಮೀರಿ ವೋಟ್ ಹಾಕಿದರೆ ಸೀಟೇ ಹೋಗಬಹುದು. ಹಾಗಾಗಿ ಪಕ್ಷ ಯಾವ ಕಡೆಯೋ ಎಂಪಿಯೂ ಆ ಕಡೆ. “ಹಂಗಾದ್ರೆ ವೋಟ್ ಹುಡುಕೋದೇ ವೇಸ್ಟ್ ಅಲ್ವಾ? ಪಾರ್ಟಿ ಹೆಸರು ನೋಡಿ ಕಾಲಂ ತುಂಬಿಸಿಬಿಡೋಣ” ಅಂತ ನಮ್ಮಲ್ಲೇ ಒಬ್ಬ ಅಂದ. ಡೆಡ್‌ಲೈನ್ ಹತ್ತಿರ ಇತ್ತು, ಆಸೆಯೂ ಆಯ್ತು. ಎರಡು ದಿನ ಇದರ ಮೇಲೇ ಜಗಳ ಆಡಿದ್ವಿ. ಕೊನೆಗೆ ತುಂಬಿಸಲಿಲ್ಲ. ಯಾಕಂದರೆ ಆ ಹೊತ್ತಿನಲ್ಲಿ ಅವರು ಸದನದ ಒಳಗೆ ಇದ್ರಾ, ಊರಲ್ಲಿ ಮದುವೆಗೆ ಹೋಗಿದ್ರಾ, ಕೂಗೋವಾಗ ಬಾಯಿ ಮುಚ್ಚಿಕೊಂಡಿದ್ರಾ, ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರೋ ಹಾಗೆ ತುಂಬಿಸೋದು ಲ್ಯಾಬ್‌ನಲ್ಲಿ ರೀಡಿಂಗ್ ಕಾಪಿ ಹೊಡೆದ ಹಾಗೆ. (ನಾವು ಹೊಡೆದಿದೀವಿ. ಅದಕ್ಕೇ ಗೊತ್ತು.)

ಆದರೆ ಆ ಜಗಳದಿಂದ ಒಂದು ಲಾಭ ಆಯ್ತು. ವೋಟ್ ಬಹುಪಾಲು ಪಕ್ಷದ್ದು ಅಂದ ಮೇಲೆ ಎಂಪಿಯ ಸ್ವಂತದ್ದು ಅನ್ನೋದು ಎಲ್ಲಿ ಕಾಣುತ್ತೆ? ಪ್ರಶ್ನೆಯಲ್ಲಿ, ಶೂನ್ಯ ವೇಳೆಯ ಮಾತಿನಲ್ಲಿ. ಇಂಥದ್ದನ್ನೇ ಕೇಳು ಅಂತ ಅಲ್ಲಿ ವಿಪ್ ಇಲ್ಲ. ಎಷ್ಟು ಕೇಳಿದ್ರು ಅನ್ನೋದಕ್ಕಿಂತ ಏನು ಕೇಳಿದ್ರು, ಅದೇ ವಿಷಯ ಮತ್ತೆ ಕೇಳಿದ್ರಾ, ‘ಸಮಿತಿ ರಚಿಸಲಾಗಿದೆ’ ಅಂದಮೇಲೆ ‘ಸಮಿತಿ ಏನು ಹೇಳಿತು’ ಅಂತ ಕೇಳಿದ್ರಾ, ಇದು ಮುಖ್ಯ. ಇದಕ್ಕೆ ಫಾರ್ಮುಲಾ ಇಲ್ಲ, ಓದಲೇಬೇಕು.

ಹಾಗಾಗಿ ರ‍್ಯಾಂಕ್ ಕಿತ್ತು ಹಾಕಿದ್ವಿ. ಈಗ ನಮ್ಮ ಪ್ರಾಜೆಕ್ಟ್‌ನಲ್ಲಿ ಕ್ಷೇತ್ರದ ಹೆಸರು ಒತ್ತಿದರೆ ಆ ಎಂಪಿ ಕೇಳಿದ ಪ್ರಶ್ನೆಗಳು ವಿಷಯವಾರು ಬರುತ್ತವೆ: ರೈಲ್ವೆ, ಕೃಷಿ, ಶಿಕ್ಷಣ, ಹೀಗೆ. ಪಕ್ಕದಲ್ಲಿ ‘ಮತ’ ಅಂತ ಒಂದು ಕಾಲಂ. ಮತ ವಿಭಜನೆ ಆದ ಮಸೂದೆಗೆ ಪರ ಅಥವಾ ವಿರೋಧ. ಧ್ವನಿಮತ ಆದದ್ದಕ್ಕೆ ‘ದಾಖಲಾಗಿಲ್ಲ’. ಸೊನ್ನೆ ಅಲ್ಲ, ಖಾಲಿಯೂ ಅಲ್ಲ, ‘ದಾಖಲಾಗಿಲ್ಲ’.

ಪ್ರೆಸೆಂಟೇಷನ್ ದಿನ ಮೇಡಂ ಸ್ಕ್ರಾಲ್ ಮಾಡ್ತಾ ಹೋದ್ರು. ‘ದಾಖಲಾಗಿಲ್ಲ, ದಾಖಲಾಗಿಲ್ಲ, ದಾಖಲಾಗಿಲ್ಲ’. “ಏನ್ರಪ್ಪಾ, ಡೇಟಾ ಕಲೆಕ್ಷನ್ ಇನ್‌ಕಂಪ್ಲೀಟಾ? ಈ ಕಾಲಂ ತೆಗೆದುಬಿಡಿ, ನೀಟಾಗಿ ಕಾಣುತ್ತೆ” ಅಂದ್ರು. ತೆಗೆಯಲ್ಲ ಮೇಡಂ ಅಂದ್ವಿ. ಕಾರಣ ಹೇಳಿದ್ವಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ರಿಪೋರ್ಟ್‌ನಲ್ಲೂ ಇದನ್ನು ಬರೀರಿ” ಅಂದ್ರು. ಮಾರ್ಕ್ಸ್ ಪರವಾಗಿಲ್ಲ, ಫೇಸ್ ರೆಕಗ್ನಿಷನ್‌ನವರಿಗಿಂತ ಎರಡು ಕಮ್ಮಿ.

ಆವತ್ತು ಸಂಜೆ ಮಲೆನಾಡಿಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಹಾಕಿದ್ವಿ. “ಅಂಕಲ್, ನೀವು ಕೇಳಿದ್ದು ಸಿಗಲಿಲ್ಲ. ಬರೆದೇ ಇಟ್ಟಿಲ್ಲ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಎಂತ ಮಾರಾಯ! ನಮ್ಮೂರ ಸೊಸೈಟಿ ಮೀಟಿಂಗಲ್ಲಿ ಗೊಬ್ಬರ ತರಿಸೋ ಠರಾವಿಗೂ ಯಾರು ಸೂಚಿಸಿದ್ರು, ಯಾರು ಅನುಮೋದಿಸಿದ್ರು ಅಂತ ನಡಾವಳಿ ಪುಸ್ತಕದಲ್ಲಿ ಬರೀತೀವಪ್ಪ” ಅಂದ್ರು.

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಮ್ಮ ಮೊದಲ ವೋಟು ಬಹುಶಃ 2028ರಲ್ಲಿ, ವಿಧಾನಸಭೆಗೆ. ನಿಮ್ಮಲ್ಲೂ ತುಂಬಾ ಜನರದ್ದು ಆಗಲೇ ಇರಬಹುದು. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಇಂಟರ್ನಲ್ಸ್ ಮುಗಿದ ಮೇಲೆ, ರೀಲ್ಸ್ ನೋಡೋ ಹತ್ತು ನಿಮಿಷದಲ್ಲಿ ನಿಮ್ಮ ಊರಿನ ಎಂಪಿ ಕೇಳಿದ ಒಂದೇ ಒಂದು ಪ್ರಶ್ನೆ ತೆಗೆದು, ಉತ್ತರದ ಸಮೇತ ಪೂರ್ತಿ ಓದಿ. ಮನೆಗೆ ಫೋನ್ ಮಾಡಿದಾಗ ಅಪ್ಪನಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳಿ. ಅವರು ಎರಡನೇ ಪ್ರಶ್ನೆ ಕೇಳೇ ಕೇಳ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ.